ಬೈಲಕುಪ್ಪೆಯಲ್ಲಿ ಒಕ್ಕಲಾದವರು

ನಮ್ಮ ಪಿರಿಯಾಪಟ್ಟಣದ ಕಡೆ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ: ‘ಅವರಿಗೇನು ಬಿಡಿ, ಸರ್ಕಾರ ಎಲ್ಲವನ್ನೂ ಕೊಟ್ಟಿತು.’ ಅವರು ಎಂದರೆ ಬೈಲಕುಪ್ಪೆಯ ಟಿಬೆಟನ್ನರು. ಸಂತೆಯಲ್ಲಿ, ಕುಶಾಲನಗರದ ಬಸ್ಸಿನಲ್ಲಿ, ಹೊಗೆಸೊಪ್ಪು ಹದಗೊಳಿಸುವ ದಿನಗಳಲ್ಲಿ ಬ್ಯಾರನ್ (ಸೊಪ್ಪು ಬೇಯಿಸುವ ಗೂಡು) ಮುಂದೆ ನಿದ್ದೆಗೆಟ್ಟು ಕುಳಿತ ರಾತ್ರಿಗಳಲ್ಲಿ ಈ ಮಾತನ್ನು ಕೇಳುತ್ತಲೇ ಬೆಳೆದೆ. ಅದರಲ್ಲಿ ಹೊಟ್ಟೆಕಿಚ್ಚು ಸ್ವಲ್ಪ, ನೋವು ಹೆಚ್ಚು. ಸಾಲ ತೀರದ ರೈತ, ಭೂಮಿಯೇ ಇಲ್ಲದ ಕೂಲಿಯಾಳು ರಸ್ತೆಯ ಆ ಬದಿಯ ಹಸಿರು ಜೋಳದ ಹೊಲಗಳನ್ನೂ ಹೆಂಚಿನ ಮನೆಗಳನ್ನೂ ನೋಡಿ ಹೇಳುತ್ತಿದ್ದ ಮಾತು ಅದು. ಕಳೆದ ವರ್ಷ ಹುಣಸೂರಿನಲ್ಲಿ, ನಾಗರಹೊಳೆ ಕಾಡಿನಿಂದ ಹೊರಬಂದ ಗಿರಿಜನ ಕುಟುಂಬಗಳ ಬಗ್ಗೆ ನಡೆದ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಇನ್ನೊಂದು ಮಾತು ಹೇಳಿದರು: ‘ಭೂಮಿ ಕೊಟ್ಟೆವು, ಅವರು ಬೇಸಾಯ ಮಾಡಲಿಲ್ಲ.’ ಅಂದಿನಿಂದ ಈ ಎರಡು ಮಾತುಗಳು ನನ್ನ ತಲೆಯಲ್ಲಿ ಒಂದನ್ನೊಂದು ತಿಕ್ಕಾಡುತ್ತಲೇ ಇವೆ. ಒಬ್ಬರಿಗೆ ಎಲ್ಲವನ್ನೂ ಕೊಟ್ಟದ್ದರಿಂದ ಅವರು ರೈತರಾದರು ಎನ್ನುತ್ತೇವೆ. ಇನ್ನೊಬ್ಬರಿಗೆ ಭೂಮಿ ಕೊಟ್ಟರೂ ಅವರು ರೈತರಾಗಲಿಲ್ಲ ಎಂದು ದೂರುತ್ತೇವೆ. ಹಾಗಾದರೆ ಆ ‘ಎಲ್ಲ’ದಲ್ಲಿ ಭೂಮಿಯ ಹೊರತಾಗಿ ಏನಿತ್ತು? ಬೇರೆ ನಾಡಿನಿಂದ, ಬೇರೆ ಹವೆಯಿಂದ, ಬೇರೆ ಕಸುಬಿನಿಂದ ಕಿತ್ತು ಬಂದವರನ್ನು ಒಂದು ನೆಲದ ಒಕ್ಕಲು ಮಾಡಲು ನಿಜವಾಗಿ ಏನು ಬೇಕು?

ಕಾಡು, ಆನೆ, ತಲೆಗೊಂದು ಎಕರೆ

ದಲೈ ಲಾಮಾ 1959ರಲ್ಲಿ ಗಡಿ ದಾಟಿ ಬಂದದ್ದು, ನೆಹರೂ ರಾಜ್ಯಗಳಿಗೆ ಜಾಗ ಕೇಳಿ ಪತ್ರ ಬರೆದದ್ದು, ಆಗಿನ ಮೈಸೂರು ರಾಜ್ಯ ಮುಂದೆ ಬಂದದ್ದು ಎಲ್ಲರಿಗೂ ಗೊತ್ತು. ಟಿಬೆಟನ್ನರು ಇಂದಿಗೂ ಕೈಮುಗಿದು ನೆನೆಯುವುದು ನಿಜಲಿಂಗಪ್ಪನವರನ್ನು. 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ಆದರೆ 1966ರಲ್ಲಿ ಮುಂಡಗೋಡಿನ ನೆಲೆ ಆರಂಭವಾದಾಗ ನಿಜಲಿಂಗಪ್ಪನವರೇ ಅಧಿಕಾರದಲ್ಲಿದ್ದರು. ಆಮೇಲೆ 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, ಎಪ್ಪತ್ತರ ದಶಕದಲ್ಲಿ ಹುಣಸೂರಿನ ಗುರುಪುರ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ಭಾರತದಲ್ಲಿ ಟಿಬೆಟನ್ನರಿಗೆ ಬೇಸಾಯದ ಭೂಮಿಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟ ಇನ್ನೊಂದು ರಾಜ್ಯವಿಲ್ಲ. ಈ ವಿಷಯದಲ್ಲಿ ನಾನು ಕನ್ನಡತಿಯಾಗಿ ಹೆಮ್ಮೆಪಡುತ್ತೇನೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ 1960ರ ಡಿಸೆಂಬರಿನಲ್ಲಿ ಮೊದಲ ತಂಡ ಬಂದಿಳಿದಾಗ ಅಲ್ಲಿ ಹೊಲ ಇರಲಿಲ್ಲ. ಕಾಡಿತ್ತು. ಸುಮಾರು 3,000 ಎಕರೆಯ ಕಾಡು. ಬಂದವರಲ್ಲಿ ಬಹಳಷ್ಟು ಜನ ಅದಕ್ಕೆ ಮೊದಲು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸದ ಕೂಲಿಗಳಾಗಿದ್ದವರು, ಕಲ್ಲೊಡೆದು ಕೆಮ್ಮಿ ಸೊರಗಿದವರು. ಬಿದಿರಿನ ಗುಡಿಸಲು ಮತ್ತು ಡೇರೆಗಳಲ್ಲಿ ಮಲಗಿ, ಹಗಲು ಮರ ಕಡಿದು, ಬೇರು ಕಿತ್ತು, ಸುಟ್ಟು ನೆಲ ಬಿಡಿಸಿದರು. ತಣ್ಣನೆಯ ಪ್ರಸ್ಥಭೂಮಿಯ ಜನಕ್ಕೆ ನಮ್ಮ ಏಪ್ರಿಲ್ ತಿಂಗಳು ಏನು ಮಾಡಿರಬಹುದು ಎಂದು ಊಹಿಸಿಕೊಳ್ಳಿ. ರಾತ್ರಿ ಆನೆಗಳು ಬರುತ್ತಿದ್ದವು. ತಮ್ಮ ದಾರಿಯಲ್ಲಿ ಇದ್ದಕ್ಕಿದ್ದಂತೆ ಎದ್ದ ಗುಡಿಸಲುಗಳನ್ನು ಅವು ಸಹಿಸಲಿಲ್ಲ. ಜನ ಸತ್ತರು. ಇನ್ನು ಬಂದವರ ಕಸುಬು ನೋಡಿದರೆ, ಕೆಲವರು ಚಮರೀಮೃಗ, ಕುರಿ ಮೇಯಿಸುವ ಅಲೆಮಾರಿಗಳು, ಕೆಲವರು ವ್ಯಾಪಾರಿಗಳು, ಕೆಲವರು ಭಿಕ್ಷುಗಳು. ಬೇಸಾಯ ಗೊತ್ತಿದ್ದವರಿಗೂ ಗೊತ್ತಿದ್ದದ್ದು ಬಾರ್ಲಿ. ಮುಂಗಾರು ಎಂದರೇನು, ಹದ ಮಳೆ ಎಂದರೇನು, ಕೆಂಪು ಮಣ್ಣು ಎಷ್ಟು ಬೇಗ ಒಣಗುತ್ತದೆ ಎಂಬುದನ್ನು ಅವರು ಯಾರಿಂದ ಕಲಿತಿರಬೇಕಿತ್ತು? ಪಾಲಿಗೆ ಸಿಕ್ಕ ಭೂಮಿ ತಲೆಗೆ ಸುಮಾರು ಒಂದು ಎಕರೆ. ಐದು ಜನರ ಮನೆಗೆ ಐದು ಎಕರೆ ಖುಷ್ಕಿ. ನಮ್ಮಪ್ಪನ ಬಳಿ ಅದಕ್ಕಿಂತ ಸ್ವಲ್ಪ ಕಡಿಮೆ ಇತ್ತು, ದೊಡ್ಡಪ್ಪನ ಬಳಿ ಹೆಚ್ಚಿತ್ತು. ಅಂದರೆ ಭೂಮಿಯ ಲೆಕ್ಕದಲ್ಲಿ ಅವರು ನಮಗಿಂತ ಮೇಲೇನೂ ಇರಲಿಲ್ಲ.

ಎಲ್ಲಿ ಮೇಲಿದ್ದರು ಎಂದರೆ, ಮೊದಲ ವರ್ಷಗಳಲ್ಲಿ ಹೊಟ್ಟೆಗೆ ಹೊಲವನ್ನೇ ನಂಬಬೇಕಾಗಿರಲಿಲ್ಲ. ಕಾಡು ಕಡಿಯುವ ಕೆಲಸಕ್ಕೆ ಕೂಲಿ ಸಿಗುತ್ತಿತ್ತು, ಪಡಿತರ ಬರುತ್ತಿತ್ತು. ಸ್ವಿಟ್ಜರ್ಲೆಂಡಿನ ನೆರವಿನಿಂದ ಟ್ರ್ಯಾಕ್ಟರುಗಳು ಬಂದವು, ಅವುಗಳನ್ನು ದುರಸ್ತಿ ಮಾಡಲು ವರ್ಕ್‌ಶಾಪ್ ಬಂತು, ಅದರಲ್ಲಿ ಟಿಬೆಟನ್ ಹುಡುಗರೇ ಕೆಲಸ ಕಲಿತರು. ಮೊದಮೊದಲು ಹಾಕಿ ನೋಡಿದ ಬೆಳೆಗಳೆಲ್ಲ ಕೈಹಿಡಿಯಲಿಲ್ಲ. ಕೊನೆಗೆ ಕೈಹಿಡಿದದ್ದು ಮುಸುಕಿನ ಜೋಳ. ಬೆಳೆ ಸೋತ ವರ್ಷ ಯಾರೂ ಅವರ ಮನೆಯ ಪಾತ್ರೆ ಹರಾಜು ಹಾಕಲಿಲ್ಲ. ನನ್ನ ಮಟ್ಟಿಗೆ ಬೈಲಕುಪ್ಪೆಯ ಗುಟ್ಟು ಇಷ್ಟೇ. ಹೊಸದಾಗಿ ಬೇಸಾಯಕ್ಕೆ ಇಳಿದವನು ಮೊದಲ ಮೂರು ನಾಲ್ಕು ವರ್ಷ ಸೋಲುತ್ತಾನೆ. ಬೀಜ ತಪ್ಪುತ್ತದೆ, ಹೊತ್ತು ತಪ್ಪುತ್ತದೆ, ಗೊಬ್ಬರ ಹೆಚ್ಚಾಗುತ್ತದೆ, ಮಾರುವಾಗ ಮೋಸ ಹೋಗುತ್ತಾನೆ. ಆ ಸೋಲಿನ ಖರ್ಚನ್ನು ಅವನೇ ಹೊತ್ತರೆ ಅವನು ಸಾಲಗಾರನಾಗುತ್ತಾನೆ, ಭೂಮಿ ಬೇರೆಯವರ ಕೈಗೆ ಹೋಗುತ್ತದೆ. ಬೇರೆ ಯಾರಾದರೂ ಹೊತ್ತರೆ ಅವನಿಗೆ ರೈತನಾಗಲು ಸಮಯ ಸಿಗುತ್ತದೆ. ನೆಲದ ಅಳತೆಯಷ್ಟೇ ಈ ವರ್ಷಗಳ ಅಳತೆಯೂ ಮುಖ್ಯ. ನಮ್ಮ ಪುನರ್ವಸತಿ ಯೋಜನೆಗಳಲ್ಲಿ ಎಕರೆಗೆ ಒಂದು ಕಾಲಂ ಇರುತ್ತದೆ, ಈ ವರ್ಷಗಳಿಗೆ ಇರುವುದಿಲ್ಲ.

ಸೊಸೈಟಿಯ ಅಂಗಳ

ನನಗೆ ಹತ್ತು ಹನ್ನೊಂದು ವರ್ಷ ಇದ್ದಾಗಿನ ಒಂದು ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಕ್ಯಾಂಪಿನ ಒಬ್ಬ ತಾತನ ಜೋಳವನ್ನು ಅವರ ಸಹಕಾರ ಸೊಸೈಟಿಗೆ ಸಾಗಿಸಲು ಅಪ್ಪ ನಮ್ಮ ಎತ್ತಿನ ಗಾಡಿ ಕಟ್ಟಿದ್ದರು, ದಸರಾ ರಜೆ ಎಂದು ನಾನೂ ಮೂಟೆಗಳ ಮೇಲೆ ಕುಳಿತು ಹೋಗಿದ್ದೆ. (ನಮ್ಮ ಕಡೆ ಇಂದಿಗೂ ಎಲ್ಲರೂ ‘ಕ್ಯಾಂಪ್’ ಎಂದೇ ಕರೆಯುವುದು: ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಅಲ್ಲಿ ಹುಟ್ಟಿ ಅಜ್ಜಂದಿರಾದವರೂ ಊರು ಕೇಳಿದರೆ ನಂಬರು ಹೇಳುತ್ತಾರೆ.) ಸೊಸೈಟಿಯ ಗೋದಾಮಿನ ಮುಂದೆ ವಿಶಾಲವಾದ ಸಿಮೆಂಟಿನ ಕಣ. ಕಣದ ತುಂಬ ಜೋಳ ಹರಡಿತ್ತು, ಬಿಸಿಲಿಗೆ ಕಣ್ಣು ಕೋರೈಸುವ ಹಳದಿ. ಚುಪಾ ಎಂಬ ಟಿಬೆಟನ್ ನಿಲುವಂಗಿ ಉಟ್ಟ ಹೆಂಗಸರು ಮರದ ಹಲಗೆಗಳಿಂದ ಕಾಳನ್ನು ಎಳೆದೆಳೆದು ಮಗುಚುತ್ತಿದ್ದರು. ಇದ್ದಕ್ಕಿದ್ದಂತೆ ಮಡಿಕೇರಿ ದಿಕ್ಕಿನಿಂದ ಮೋಡ ಕವಿಯಿತು. ಯಾರೋ ಕೂಗಿದರು. ಒಂದೇ ನಿಮಿಷದಲ್ಲಿ ಹೆಂಗಸರು, ಗೋದಾಮಿನ ಹಮಾಲರು, ದಾರಿಯಲ್ಲಿ ಹೋಗುತ್ತಿದ್ದ ಭಿಕ್ಷುಗಳು ಎಲ್ಲರೂ ಕಣಕ್ಕೆ ಇಳಿದರು. ಯಾರ ರಾಶಿ ಯಾರದು ಎಂದು ಯಾರೂ ನೋಡಲಿಲ್ಲ. ಅಪ್ಪನೂ ಪಂಚೆ ಮೇಲೆ ಕಟ್ಟಿ ಟಾರ್ಪಾಲಿನ ಒಂದು ಮೂಲೆ ಹಿಡಿದರು. ಮಳೆ ನಾಲ್ಕು ಹನಿ ಹಾಕಿ ಕೊಪ್ಪದ ಕಡೆ ಹೊರಟುಹೋಯಿತು, ಎಲ್ಲರೂ ನಕ್ಕು ಮತ್ತೆ ಟಾರ್ಪಾಲು ಎಳೆದರು.

ಆಮೇಲೆ ಆ ತಾತ ತನ್ನ ಮೂಟೆಯಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿ ಕಡಿದರು. ‘ಇನ್ನೂ ಒಂದು ದಿನ ಬಿಸಿಲು ಬೇಕು, ಗೌಡರೇ’ ಎಂದರು. ಕುರಿ ಕಾಯುತ್ತಿದ್ದವರು ಅವರು, ಟಿಬೆಟಿನಲ್ಲಿದ್ದಾಗ ನೇಗಿಲು ಮುಟ್ಟಿರಲಿಲ್ಲವಂತೆ. ಹಲ್ಲಿನಿಂದ ಕಾಳಿನ ಹದ ತಿಳಿಯುವ ಹಂತಕ್ಕೆ ಬರಲು ಎಷ್ಟು ಬೆಳೆ ಬೇಕಾಯಿತೋ! ಒಳಗೆ ಕಾರ್ಯದರ್ಶಿಯ ಮೇಜಿನ ಮೇಲೆ ದಪ್ಪ ಲೆಡ್ಜರ್ ಇತ್ತು. ಮನೆಗೊಂದು ಪುಟ. ಆ ತಾತನ ಪುಟದಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಉಳುಮೆಯ ಗಂಟೆಗಳು ಸಾಲಾಗಿ ಬರೆದಿದ್ದವು. ಮೇ ತಿಂಗಳಲ್ಲಿ ಕೈಯಿಂದ ಒಂದು ರೂಪಾಯಿಯನ್ನೂ ಬಿಚ್ಚದೆ ಬಿತ್ತನೆ ಮಾಡಿದ್ದರು. ಈಗ ಜೋಳ ತೂಗಿ, ಬಾಕಿ ಮುರಿದುಕೊಂಡು, ಉಳಿದದ್ದನ್ನು ಕೊಡುತ್ತಿದ್ದರು. ಅಪ್ಪ ಬಗ್ಗಿ ಆ ಪುಟವನ್ನೇ ಬಹಳ ಹೊತ್ತು ನೋಡಿದರು. ಮೇಲಿನ ಮೂಲೆಯಲ್ಲಿ ಹಿಂದಿನ ವರ್ಷದ ಬಾಕಿ ಇತ್ತು. ಹೋದ ಸಲ ಮಳೆ ಕೈಕೊಟ್ಟು ಜೋಳ ತೆನೆಗಟ್ಟಲಿಲ್ಲ, ಆದರೂ ಈ ವರ್ಷ ಬೀಜ ನಿಲ್ಲಿಸಲಿಲ್ಲ ಎಂದು ತಾತ ಹೇಳಿದರು.

ಅಪ್ಪನದು ಬೇರೆಯೇ ಲೆಕ್ಕ. ಅವರು ಜೂನ್‌ನಲ್ಲಿ ಪೇಟೆಯ ಮಂಡಿಯೊಂದರ ಸಾಹುಕಾರರಿಂದ ಮುಂಗಡ ತರುತ್ತಿದ್ದರು, ಬೆಳೆಯನ್ನು ಅವರಿಗೇ ಅಳೆದು ಕೊಡಬೇಕಿತ್ತು, ದರ ಅವರು ಹೇಳಿದ್ದು. ಎಷ್ಟು ತಂದೆವು, ಎಷ್ಟು ತೀರಿತು ಎಂಬುದು ಪ್ರತಿ ವರ್ಷ ಜಗಳ. ಮನೆಗೆ ವಾಪಸು ಬರುವಾಗ ಗಾಡಿಯ ಮೇಲೆ ಅಪ್ಪ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ: ‘ನೋಡು ಮಗಳೇ, ಅವರ ಸಾಲ ಪುಸ್ತಕದಲ್ಲಿದೆ. ನನ್ನ ಸಾಲ ಸಾಹುಕಾರನ ತಲೆಯಲ್ಲಿದೆ.’ ಬೈಲಕುಪ್ಪೆಯ ಬಗ್ಗೆ ಆಮೇಲೆ ನಾನು ಓದಿದ ಯಾವುದೂ ಈ ಒಂದು ಮಾತಿನಷ್ಟು ವಿಷಯವನ್ನು ಸ್ಪಷ್ಟ ಮಾಡಲಿಲ್ಲ. ಟ್ರ್ಯಾಕ್ಟರ್ ಯಾರಾದರೂ ದಾನ ಕೊಡಬಹುದು. ಬಿತ್ತುವಾಗ ಕೊಟ್ಟು, ಬೆಳೆದಾಗ ಕೊಂಡು, ಸೋತ ವರ್ಷ ತಾಳಿಕೊಳ್ಳುವ ಒಂದು ಸಂಸ್ಥೆಯನ್ನು ಕಟ್ಟುವುದು ಬೇರೆಯೇ ಕೆಲಸ. ಆ ಸಹಕಾರ ಸಂಘಗಳೂ ಕಷ್ಟದ ವರ್ಷಗಳನ್ನು ಕಂಡಿವೆ, ಜೋಳದ ದರ ಬಿದ್ದಾಗ ಒದ್ದಾಡಿವೆ. ಆದರೂ ಪುಸ್ತಕ ಮುಚ್ಚಲಿಲ್ಲ.

ಕಲಿಸಿದವರು

ಇಲ್ಲಿ ಸರ್ಕಾರಿ ವರದಿಗಳು ಬರೆಯದ ಒಂದು ಪಾಲು ಇದೆ. ನಮ್ಮೂರಿನ ಕೇರಿಯ ಒಬ್ಬ ಅಜ್ಜಿ ಪ್ರಾಯದಲ್ಲಿ ಒಂದನೇ ಕ್ಯಾಂಪಿಗೆ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದರು. ಜೋಳದ ಮೊಳಕೆ ಯಾವುದು, ಹುಲ್ಲಿನ ಮೊಳಕೆ ಯಾವುದು ಎಂದು ಆ ಹೆಂಗಸರಿಗೆ ಕೈಹಿಡಿದು ತೋರಿಸಿದ್ದು ತಾನು ಎಂದು ಅವರು ಹೇಳುತ್ತಿದ್ದರು. ‘ಮೊದಲನೇ ವರ್ಷ ಅವರು ಕಳೆ ಬಿಟ್ಟು ಪೈರು ಕಿತ್ತರು. ನಾನು ಬೈದೆ. ಅವರು ನಕ್ಕರು. ಮಾತು ಬರದಿದ್ದರೂ ಬೈಗುಳ ಅರ್ಥವಾಗುತ್ತದಲ್ಲ’ ಎನ್ನುತ್ತಿದ್ದರು. ಮೃಗಶಿರ ಮಳೆ ಬಿದ್ದ ಮೇಲೆ ಎಷ್ಟು ದಿನ ಕಾಯಬೇಕು, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ರಾಗಿ ಯಾವ ತುಂಡಿಗೆ ಒಗ್ಗುತ್ತದೆ ಎಂಬುದೆಲ್ಲ ಹೀಗೆಯೇ ದಾಟಿತು. ಕಳೆ ಕೀಳುವಾಗ ಹುಳ ಸಿಕ್ಕರೆ ಆ ಹೆಂಗಸರು ಅದನ್ನು ಅಂಗೈಯಲ್ಲಿ ಹಿಡಿದು ಬದುವಿನಾಚೆ ಬಿಟ್ಟು ಬರುತ್ತಿದ್ದರಂತೆ. ನೇಗಿಲು ಹೂಡಿದರೆ ನೆಲದೊಳಗಿನ ಜೀವ ಸಾಯುತ್ತದೆ ಎಂಬ ಸಂಕಟ ಬೌದ್ಧ ರೈತರಿಗೆ ಇದ್ದೇ ಇತ್ತು. ಪ್ರಾರ್ಥನೆ ಸಲ್ಲಿಸಿ ಉಳುತ್ತಿದ್ದರು. ಮುಂದೆ ಅವರ ಆಡಳಿತ ಸಾವಯವ ಬೇಸಾಯಕ್ಕೆ ಒತ್ತು ಕೊಟ್ಟಾಗ ಅದು ಮೇಲಿನಿಂದ ಬಂದ ಆದೇಶದಂತೆ ಅವರಿಗೆ ಅನ್ನಿಸಿರಲಾರದು.

ಆದರೆ ಆ ಅಜ್ಜಿಗೆ ಸ್ವಂತದ ಒಂದು ಗುಂಟೆಯೂ ಇರಲಿಲ್ಲ. ಬೇಸಾಯ ಗೊತ್ತಿದ್ದವರಿಗೆ ನೆಲವಿಲ್ಲ, ನೆಲ ಸಿಕ್ಕವರಿಗೆ ಬೇಸಾಯ ಗೊತ್ತಿಲ್ಲ, ಇಬ್ಬರೂ ಒಂದೇ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ‘ಸರ್ಕಾರ ಎಲ್ಲವನ್ನೂ ಕೊಟ್ಟಿತು’ ಎಂಬ ಮಾತಿನ ಹಿಂದಿನ ನೋವು ಇದು, ಮತ್ತು ಅದು ನ್ಯಾಯವಾದ ನೋವು. ಅದಕ್ಕೆ ಉತ್ತರ ನಿರಾಶ್ರಿತರಿಗೆ ಕೊಟ್ಟದ್ದು ತಪ್ಪು ಎಂಬುದಲ್ಲ. ಕೊಡುವ ವಿಧಾನ ಗೊತ್ತಿದ್ದೂ ನಮ್ಮವರೇ ಆದ ಭೂಹೀನರಿಗೆ ಕೊಡಲಿಲ್ಲವಲ್ಲ ಎಂಬುದು. ಈ ಮಾತನ್ನು ಪೂರ್ತಿ ಮರೆತವರಷ್ಟೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಟಿಬೆಟನ್ನರ ಪುನರ್ವಸತಿಗಾಗಿಯೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಅದರ ಮೂಲ ಹೆಸರಿನಲ್ಲೇ ಮೈಸೂರು ಮತ್ತು ಪುನರ್ವಸತಿ ಎರಡೂ ಇದ್ದವು. ಎಪ್ಪತ್ತರ ದಶಕದ ಕೊನೆಗೆ ಅದು ಸುತ್ತಲಿನ ಹಳ್ಳಿಗಳ ಬಡವರ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಅದು ಬೆಳೆಸಿದ ಸಣ್ಣ ಉಳಿತಾಯ ಗುಂಪುಗಳ ಅನುಭವದ ಮೇಲೆ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಇಂದು ನಮ್ಮ ಪ್ರತಿ ಊರಿನಲ್ಲೂ ಹೆಂಗಸರು ವಾರಕ್ಕೊಮ್ಮೆ ಪುಸ್ತಕ ಬಿಚ್ಚಿ ಲೆಕ್ಕ ಬರೆಯುವುದರ ಬೇರುಗಳಲ್ಲಿ ಒಂದು ಆ ಕ್ಯಾಂಪುಗಳ ಮಣ್ಣಿನಲ್ಲಿದೆ.

ದಂಡಕಾರಣ್ಯ ಮತ್ತು ಸಿಂಧನೂರು

ಭೂಮಿ ಕೊಟ್ಟು ಸೋತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ 1958ರಲ್ಲಿ ದಂಡಕಾರಣ್ಯ ಯೋಜನೆ ಆರಂಭವಾಯಿತು. ಬಸ್ತಾರ್, ಕೋರಾಪುಟ್ ಕಡೆಯ ಗುಡ್ಡಗಾಡು. ಅಲ್ಲಿಗೆ ಕಳುಹಿಸಿದ್ದು ನದಿ ಮುಖಜ ಭೂಮಿಯ ಜನರನ್ನು. ಮೊಣಕಾಲುದ್ದ ನೀರಿನಲ್ಲಿ ಭತ್ತ ನಾಟಿ ಮಾಡಿ, ಹಿತ್ತಲ ಕೆರೆಯಲ್ಲಿ ಮೀನು ಹಿಡಿದು ಬದುಕಿದವರು. ಕಲ್ಲುಮಿಶ್ರಿತ, ನೀರು ನಿಲ್ಲದ ಏರುನೆಲದಲ್ಲಿ ಅವರ ತಲೆಮಾರುಗಳ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಆ ನೆಲ ಅಲ್ಲಿನ ಆದಿವಾಸಿಗಳದಾಗಿತ್ತು ಎಂಬುದು ಇನ್ನೊಂದು ಅನ್ಯಾಯ. 1978ರಲ್ಲಿ ಸಾವಿರಾರು ಕುಟುಂಬಗಳು ಎಲ್ಲವನ್ನೂ ಬಿಟ್ಟು ಸುಂದರಬನದ ಮರಿಚ್‌ಝಾಪಿ ದ್ವೀಪಕ್ಕೆ ಹೊರಟವು. ಮರುವರ್ಷ ಪೊಲೀಸರು ಅವರನ್ನು ಅಲ್ಲಿಂದ ಬಲವಂತವಾಗಿ ಹೊರಹಾಕಿದರು, ಜೀವಗಳು ಹೋದವು. ಆ ಜನ ಸೋಮಾರಿಗಳು, ಅದಕ್ಕೇ ಓಡಿಹೋದರು ಎಂದು ಆಗಲೂ ಹೇಳಿದವರಿದ್ದರು. ಅದೇ ಬಂಗಾಳಿ ನಿರಾಶ್ರಿತರ ಇನ್ನೊಂದು ಗುಂಪು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿದೆ. ಅವರು ಬಂದದ್ದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಗೆ. ಕಾಲುವೆ ಇದ್ದಲ್ಲಿ ಭತ್ತ ಇದೆ, ಭತ್ತ ಗೊತ್ತಿದ್ದವನಿಗೆ ಅರ್ಧ ಕಲಿಕೆ ಮುಗಿದಂತೆಯೇ. ಅವರಿಗೂ ಜಾತಿ ಪ್ರಮಾಣಪತ್ರ, ಪೌರತ್ವದ ಕಾಗದಗಳ ಗೋಳು ದಶಕಗಳಿಂದ ಇದೆ. ಆದರೆ ನೆಲ ಬಿಟ್ಟು ಓಡಿಹೋಗಲಿಲ್ಲ.

ವಿಭಜನೆಯ ಮರುವರ್ಷಗಳಲ್ಲಿ ಪೂರ್ವ ಪಂಜಾಬಿನಲ್ಲಿ ಭೂಮಿ ಹಂಚಿದವರಿಗೆ ಎಕರೆಯ ಅಳತೆಯೊಂದೇ ಸಾಲದು ಎಂಬುದು ಗೊತ್ತಿತ್ತು. ತರ್ಲೋಕ್ ಸಿಂಗ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ, ಎಷ್ಟು ಎಕರೆ ಎನ್ನುವ ಬದಲು ಎಷ್ಟು ಬೆಳೆಯುವ ಎಕರೆ ಎಂದು ಲೆಕ್ಕ ಹಾಕಿ ಹಂಚಿದರು. ಅಂತಿಮ ಹಂಚಿಕೆಗೆ ಮೊದಲೇ ತಾತ್ಕಾಲಿಕವಾಗಿ ಒಂದು ತುಂಡು ನೆಲ, ಬೀಜಕ್ಕೂ ಸಲಕರಣೆಗಳಿಗೂ ಸಾಲ ಕೊಟ್ಟು ಬಿತ್ತನೆ ಮಾಡಿಸಿದರು. ಬಂದವರಲ್ಲಿ ಬಹುಪಾಲು ಜನ ಹುಟ್ಟು ರೈತರು ಎಂಬುದು ನಿಜ. ಅವರಿಗೇ ಮೊದಲ ಬಿತ್ತನೆಗೆ ಕೈ ಆಸರೆ ಬೇಕಾಯಿತು.

ನಾಗಾಪುರದ ಐದು ಎಕರೆ

ಈಗ ಹುಣಸೂರಿನ ಸಭೆಗೆ ಬರುತ್ತೇನೆ. ನಾಗರಹೊಳೆಯ ಹಾಡಿಗಳಿಂದ (ಕಾಡಿನೊಳಗಿನ ಗಿರಿಜನರ ವಸತಿಗಳಿಂದ) ಹೊರತಂದ ಜೇನುಕುರುಬ ಮತ್ತಿತರ ಕುಟುಂಬಗಳಿಗೆ ನಾಗಾಪುರದಲ್ಲಿ ಮನೆ, ತಲಾ ಐದು ಎಕರೆ ಕೊಟ್ಟರು. ಬೈಲಕುಪ್ಪೆಯ ಐದು ಜನರ ಮನೆಗೆ ಸಿಕ್ಕಷ್ಟೇ. ಜೇನು ಕೊಯ್ದು, ಗೆಡ್ಡೆ ಗೆಣಸು ಅಗೆದು, ಆನೆ ಪಳಗಿಸಿ ಬದುಕಿದವರು ಅವರು. ಕುರಿ ಕಾಯುತ್ತಿದ್ದ ಟಿಬೆಟನ್ನರಷ್ಟೇ ಬೇಸಾಯಕ್ಕೆ ಹೊಸಬರು. ಆದರೆ ಅವರಿಗೆ ಸರದಿಯ ಮೇಲೆ ಬರುವ ಟ್ರ್ಯಾಕ್ಟರ್ ಇರಲಿಲ್ಲ, ಮನೆಗೊಂದು ಪುಟದ ಲೆಡ್ಜರ್ ಇರಲಿಲ್ಲ, ಜೋಳ ತೂಗಿಕೊಳ್ಳುವ ಗೋದಾಮು ಇರಲಿಲ್ಲ. ಬೀಜಕ್ಕೆ ದುಡ್ಡಿಲ್ಲದೆ ಹೊಲವನ್ನು ಹೊರಗಿನವರಿಗೆ ಗುತ್ತಿಗೆಗೆ ಕೊಟ್ಟು ಬಹಳ ಜನ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 3,418 ಕುಟುಂಬಗಳಿಗೆ ಇನ್ನೂ ಪುನರ್ವಸತಿ ಆಗಬೇಕಿದೆ ಎಂದು 2014ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಜಾರಿಗೆ ತನ್ನಿ ಎಂದು ಗಿರಿಜನರು ಇಂದಿಗೂ ಕೇಳುತ್ತಲೇ ಇದ್ದಾರೆ.

ಅದೇ ಹುಣಸೂರು ತಾಲ್ಲೂಕಿನಲ್ಲಿ ಗುರುಪುರದ ಟಿಬೆಟನ್ ನೆಲೆ ಇದೆ. ಒಂದೇ ಮಳೆ, ಒಂದೇ ಮಣ್ಣು, ಒಂದೇ ಆನೆ ಕಾಟ. ಒಂದು ಕಡೆ ಕಲಿಯುವ ವರ್ಷಗಳ ಖರ್ಚನ್ನು ಹೊತ್ತವರಿದ್ದರು, ಇನ್ನೊಂದು ಕಡೆ ಇರಲಿಲ್ಲ. ‘ಅವರು ಬೇಸಾಯ ಮಾಡಲಿಲ್ಲ’ ಎಂದ ಅಧಿಕಾರಿಗೆ ನಾನು ಎದ್ದು ಇಷ್ಟನ್ನೇ ಹೇಳಿದೆ. ಸಭೆಯ ನಡಾವಳಿಯಲ್ಲಿ ಅದು ದಾಖಲಾಯಿತೋ ಇಲ್ಲವೋ, ಹೇಳಲೇಬೇಕಾದ ಮಾತು ಅದು.

ಮಕ್ಕಳು ಹೋದ ಮೇಲೆ

ಹಾಗಾದರೆ ಬೈಲಕುಪ್ಪೆಯಲ್ಲಿ ಎಲ್ಲವೂ ಗೆದ್ದಿತೇ? ಇಂದು ಕ್ಯಾಂಪುಗಳಲ್ಲಿ ನಡೆದಾಡಿದರೆ ಕಾಣುವುದು ಮುದುಕರು, ಭಿಕ್ಷುಗಳು, ಬೀಗ ಹಾಕಿದ ಮನೆಗಳು. ಜೋಳದ ಆದಾಯ ಒಂದು ಮನೆಗೆ ಸಾಲದೆ ಬಹಳ ಹಿಂದೆಯೇ ಅವರು ಸ್ವೆಟರ್ ವ್ಯಾಪಾರ ಹಿಡಿದಿದ್ದರು. ಕಟಾವು ಮುಗಿಯುತ್ತಿದ್ದಂತೆ ಲುಧಿಯಾನದ ಸರಕು ತರಿಸಿ ದೇಶದ ಊರೂರಿನ ಫುಟ್‌ಪಾತುಗಳಲ್ಲಿ ಚಳಿಗಾಲ ಕಳೆದು, ಮತ್ತೆ ಉಳುಮೆಯ ಹೊತ್ತಿಗೆ ಬರುತ್ತಿದ್ದರು. ಈಗ ಮಕ್ಕಳು ಓದಿ ನರ್ಸ್‌ಗಳಾಗಿ, ಎಂಜಿನಿಯರುಗಳಾಗಿ ಬೆಂಗಳೂರು, ಟೊರಾಂಟೊ, ಮಿನಿಯಾಪೊಲಿಸ್ ಸೇರಿದ್ದಾರೆ. ಭಾರತದಲ್ಲಿರುವ ಟಿಬೆಟನ್ನರ ಸಂಖ್ಯೆ 2011ರಲ್ಲಿ ಸುಮಾರು ಒಂದೂವರೆ ಲಕ್ಷ ಇದ್ದದ್ದು 2018ರ ಹೊತ್ತಿಗೆ 85,000ಕ್ಕೆ ಇಳಿದಿತ್ತು ಎಂದು ಕೇಂದ್ರದ ಅಂಕಿಅಂಶಗಳನ್ನು ಆಧರಿಸಿ ಪತ್ರಿಕೆಗಳು ಬರೆದವು. ಇದನ್ನು ನಾನು ಸೋಲು ಎಂದು ಕರೆಯುವುದಿಲ್ಲ. ನಮ್ಮ ಮನೆಯ ಹೊಲದಲ್ಲೂ ಈಗ ಅಪ್ಪನ ನಂತರ ನೇಗಿಲು ಹಿಡಿದವರಿಲ್ಲ. ನಾನೇ ಮೈಸೂರಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ರೈತನ ಮಗಳು ರೈತಳಾಗಲೇಬೇಕು ಎಂಬ ಷರತ್ತನ್ನು ನಿರಾಶ್ರಿತರ ಮೇಲೆ ಮಾತ್ರ ಏಕೆ ಹೇರಬೇಕು?

ಆದರೆ ಉಳಿಯಲು ಮನಸ್ಸಿದ್ದವರನ್ನೂ ದೂಡಿದ ಒಂದು ಕಾರಣ ಇದೆ, ಅದನ್ನು ಮುಚ್ಚಿಡಬಾರದು. ಆ ನೆಲ ಅವರದಲ್ಲ. ಸರ್ಕಾರದಿಂದ ಗುತ್ತಿಗೆಗೆ ಬಂದದ್ದು. 2014ರ ಟಿಬೆಟನ್ ಪುನರ್ವಸತಿ ನೀತಿ ಗುತ್ತಿಗೆಗೆ 20 ವರ್ಷಗಳ ಒಂದು ಚೌಕಟ್ಟು ಕೊಟ್ಟಿತು, ಸರ್ಕಾರಿ ಯೋಜನೆಗಳ ಬಾಗಿಲು ಸ್ವಲ್ಪ ತೆರೆಯಿತು, ಒಳ್ಳೆಯ ಹೆಜ್ಜೆ. ಆದರೂ ಸ್ವಂತದ ಪಹಣಿ ಇಲ್ಲದವನು ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಿ ಕೊಳವೆ ಬಾವಿ ಕೊರೆಸಲಾರ. ಇಪ್ಪತ್ತು ವರ್ಷಕ್ಕೆ ಫಲ ಕೊಡುವ ಮರವನ್ನು ಇಪ್ಪತ್ತು ವರ್ಷದ ಕಾಗದ ನಂಬಿ ಯಾರು ನೆಡುತ್ತಾರೆ? ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ, ಲಾವೋಸಿನಿಂದ ನಿರಾಶ್ರಿತರಾಗಿ ಹೋದ ಹ್ಮಾಂಗ್ ಜನ ಸೇಂಟ್ ಪಾಲ್ ನಗರದ ರೈತ ಮಾರುಕಟ್ಟೆಯಲ್ಲಿ ತರಕಾರಿ ಮಾರುವವರಲ್ಲಿ ದೊಡ್ಡ ಪಾಲು. ವರ್ಷವರ್ಷದ ಗುತ್ತಿಗೆಯಲ್ಲಿ ಬೆಳೆಯುತ್ತಿದ್ದಾಗ ಅವರು ಮಣ್ಣಿಗೆ ಗೊಬ್ಬರ ಹಾಕಲೂ ಹಿಂಜರಿಯುತ್ತಿದ್ದರು, ಮುಂದಿನ ವರ್ಷ ಆ ತುಂಡು ಯಾರದೋ. ಅವರದೇ ಸಂಘ 155 ಎಕರೆಯನ್ನು ಮೊದಲು ದೀರ್ಘ ಗುತ್ತಿಗೆಗೆ ಹಿಡಿದು, ಸಣ್ಣ ಸಣ್ಣ ತುಂಡು ಮಾಡಿ ಮನೆಗಳಿಗೆ ಹಂಚಿ, ಆಮೇಲೆ ಕ್ರಯಕ್ಕೆ ಪಡೆಯಿತು. ಅದೇ ಅಮೆರಿಕದ ಮೇನ್ ರಾಜ್ಯದಲ್ಲಿ ಸೊಮಾಲಿಯಾದ ಜುಬ್ಬಾ ನದಿ ಕಣಿವೆಯಿಂದ ಹೋದ ಬಂಟು ರೈತರು ಬಾಡಿಗೆ ಹೊಲಗಳಲ್ಲಿ ಜೋಳ ಬೆಳೆದು, ಕೊನೆಗೆ ಸಮುದಾಯದ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಎಕರೆಯ ಸ್ಥಿರ ನೆಲೆ ಮಾಡಿಕೊಂಡರು. ಕಲಿಸುವುದು, ಬೀಜ ಕೊಡುವುದು, ಮಾರುಕಟ್ಟೆ ತೋರಿಸುವುದು ಎಲ್ಲ ಮುಗಿದ ಮೇಲೂ ಅವರಿಗೆ ಎದುರಾದ ಗೋಡೆ ಒಂದೇ, ನಾಳೆ ಈ ನೆಲ ನನ್ನ ಕೈಯಲ್ಲಿರುತ್ತದೆಯೇ ಎಂಬುದು.

ಮಿನ್ನೆಸೋಟದ ಆ ಮಾರುಕಟ್ಟೆಯ ಫೋಟೊವನ್ನು ನಾನು ಮೊದಲು ನೋಡಿದ್ದು ಬೈಲಕುಪ್ಪೆಯಲ್ಲೇ, ನನಗೆ ಚಿಕ್ಕಂದಿನಿಂದ ಪರಿಚಯದ ಒಬ್ಬ ಟಿಬೆಟನ್ ಅಮ್ಮನ ಮೊಬೈಲಿನಲ್ಲಿ. ಅವರ ಮಗಳು ಮಿನಿಯಾಪೊಲಿಸ್‌ನಲ್ಲಿ ನರ್ಸ್. ‘ನೋಡಮ್ಮ, ಅಲ್ಲಿಯೂ ನಮ್ಮಂಥವರೇ ಸೊಪ್ಪು ಮಾರುವುದು’ ಎಂದು ಅವರು ಚಿತ್ರ ಹಿಗ್ಗಿಸಿ ತೋರಿಸಿದರು. ಮೊಣಕಾಲು ನೋವು, ಈಗ ಹೊಲಕ್ಕೆ ಇಳಿಯಲಾಗುವುದಿಲ್ಲ. ಶುಂಠಿ ಹಾಕುತ್ತೇವೆ, ಒಂದು ವರ್ಷಕ್ಕೆ ಕೊಡಿ ಎಂದು ಹೊರಗಿನವರು ದೊಡ್ಡ ಮೊತ್ತ ಹಿಡಿದು ಬಾಗಿಲಿಗೆ ಬಂದಿದ್ದರಂತೆ. ಶುಂಠಿ ಹಾಕಿದ ನೆಲಕ್ಕೆ ಏನಾಗುತ್ತದೆ ಎಂದು ನಮ್ಮ ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಔಷಧಿ ಸುರಿದು, ಕೊಳೆರೋಗ ಬಿಟ್ಟು, ಮುಂದಿನ ವರ್ಷ ಬೇರೆ ಹೊಲಕ್ಕೆ ಹೋಗುತ್ತಾರೆ. ಈ ಅಮ್ಮ ಕೊಡಲಿಲ್ಲ. ಮೂವತ್ತು ವರ್ಷ ತಮ್ಮ ಹೊಲದಲ್ಲಿ ದುಡಿದ ಆಳಿನ ಮಗನಿಗೆ ಅರ್ಧ ಪಾಲಿಗೆ ಕೊಟ್ಟಿದ್ದಾರೆ. ಅವನ ಕೈಯಲ್ಲಿ ಬಿತ್ತನೆಗೆ ಕಾಸಿರಲಿಲ್ಲ. ಬೀಜ, ಗೊಬ್ಬರವನ್ನು ಇವರೇ ಸೊಸೈಟಿಯಲ್ಲಿ ತಮ್ಮ ಪುಟಕ್ಕೆ ಬರೆಸಿ ತಂದುಕೊಟ್ಟರು. ಜೋಳ ತೂಗಿದ ಮೇಲೆ ಮುರಿದುಕೊಳ್ಳುವ ಮಾತು. ಕಾಗದದ ಮೇಲೆ ಈ ವ್ಯವಸ್ಥೆಗೆ ಯಾವ ಬಲವೂ ಇಲ್ಲ ಎಂದು ಇಬ್ಬರಿಗೂ ಗೊತ್ತು. ಕಳೆದ ವರ್ಷ ತೆನೆಗೆ ಸೈನಿಕ ಹುಳ ಬಿದ್ದು ಇಳುವರಿ ಅರ್ಧಕ್ಕಿಳಿಯಿತು. ಬಾಕಿ ಏನು ಮಾಡಿದಿರಿ ಎಂದು ಕೇಳಿದೆ. ‘ಮುಂದಿನ ವರ್ಷಕ್ಕೆ ಹಾಕಿದೆ. ನಮಗೂ ಹಾಗೆಯೇ ಹಾಕಿದ್ದರು’ ಎಂದರು.